ಕಿರುಚಬಾರದೆಂಬ ನಿಯಮ

ಕಿಸ್ಸಿಮ್ಮಿ, ಫ್ಲಾರಿಡಾ
೬ ಮಾರ್ಚ್ ೨೦೧೧, ಭಾನುವಾರ

ನನ್ನ ಒಡಾಲಿಸ್,

ಮೊದಲು ಬೈದುಬಿಡು, ಅದೊಂದು ಮುಗಿಯಲಿ. ಕ್ರಿಸ್‌ಮಸ್‌ಗೆ ನೀನು ನಿನ್ನೂರು ಪೋನ್ಸೆಯಿಂದ ಕಳಿಸಿದ ಸೀಬೆಹಣ್ಣಿನ ಪಾಕ ತಿಂದು, ಡಬ್ಬಿ ತೊಳೆದು, ಅದರಲ್ಲಿ ಸೂಜಿ ದಾರ ತುಂಬಿಟ್ಟದ್ದೂ ಆಯಿತು. ಒಂದು ಸಾಲು ಉತ್ತರ ಬರೆಯಲಿಲ್ಲ. ಮಂಡಿನೋವು ಅನ್ನೋಣವೆಂದರೆ ಮಂಡಿಯಲ್ಲಿ ಯಾರೂ ಪತ್ರ ಬರೆಯುವುದಿಲ್ಲ. ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ.

ಈಗ ಸುದ್ದಿ ಕೇಳು. ನಮ್ಮ ಮನರಂಜನಾ ಪಾರ್ಕಿನಲ್ಲಿ ನಿಯಮ ಬದಲಾಯಿತು! ನಿನ್ನ ಗಂಡ ಎಫ್ರಾಯಿನ್ ಕೆಲಸದ ಹೊತ್ತಿನಲ್ಲೇ ಆ ರೈಲುಹಳಿಯ ಮೇಲೆ ಸತ್ತು ಹನ್ನೊಂದು ವರ್ಷವಾದ ಮೇಲೆ, ಅಂತೂ ಇಂತೂ.

ಕಳೆದ ತಿಂಗಳು ಡೆಲ್ಫೀನ್ ಎಂಬ ಹೈಟಿಯ ಹೆಂಗಸು ನನ್ನ ಬಳಿ ತರಬೇತಿಗೆ ಬಂದಳು. ಹದಿನೈದು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಗಂಟಲೆಂದರೆ ಗಂಟಲು. ನಮ್ಮ ಪುಟ್ಟ ರೈಲು ಈಗಲೂ ಪ್ಲಾಟ್‌ಫಾರ್ಮಿಗೆ ಹಿಮ್ಮುಖವಾಗಿಯೇ ಬರುತ್ತದೆ, ಚಾಲಕನಿಗೆ ಹಿಂದೆ ಏನಿದೆಯೋ ಕಾಣುವುದಿಲ್ಲ. ಎಲ್ಲರಿಗೂ ಹೇಳಿಕೊಟ್ಟದ್ದನ್ನೇ ಅವಳಿಗೂ ಹೇಳಿಕೊಟ್ಟೆ: ಪಾರ್ಕಿಗೆ ಬಂದ ಅತಿಥಿಗಳೆದುರು ಓಡಬಾರದು, ಕಿರುಚಬಾರದು, ಒಂಟಿ ಬೆರಳು ತೋರಿಸಬಾರದು, ತೋರಿಸಲೇಬೇಕಾದರೆ ಎರಡು ಬೆರಳು ಜೋಡಿಸಬೇಕು. ಅಪಾಯ ಕಂಡರೆ ನಗುತ್ತಾ ನಡೆದುಹೋಗಿ, ಗೋಡೆಯ ಫೋನಿನಲ್ಲಿ ಚಾಲಕನಿಗೆ ತಿಳಿಸಬೇಕು.

"ನಗ್ತಾ ನಡ್ಕೊಂಡು ಹೋಗೋಷ್ಟರಲ್ಲಿ ಸತ್ತೇಹೋದ್ರೆ?" ಅಂದಳು.

"ಅದನ್ನೆಲ್ಲ ಕೇಳ್ಬೇಡ, ಕಲ್ತ್ಕೋ" ಅಂದೆ ನಾನು. ಎಂಥ ಉತ್ತರ, ಥೂ.

ಮೂರನೆಯ ದಿನ ಒಬ್ಬ ಮುದುಕ ಬಿದ್ದ ಕನ್ನಡಕ ಎತ್ತಿಕೊಳ್ಳಲು ಹಳಿಗೆ ಇಳಿದುಬಿಟ್ಟ. ರೈಲು ಹಿಂದೆ ಹಿಂದೆ ಬರುತ್ತಿತ್ತು. ಡೆಲ್ಫೀನ್ ಓಡಿದಳು, ಒಂಟಿ ಬೆರಳು ಚಾಚಿದಳು, "ನಿಲ್ಸೋ! ರೈಲು ನಿಲ್ಸೋ!" ಎಂದು ಇಡೀ ಪಾರ್ಕಿಗೆ ಕೇಳುವಂತೆ ಕಿರುಚಿದಳು. ರೈಲು ನಿಂತಾಗ ಮುದುಕನಿಗೂ ಅದಕ್ಕೂ ಎರಡು ಮಾರು. ಮೇಲೆ ಬಂದವನೇ ಅವಳ ಮೇಲೇ ರೇಗಿದ: "ಹಿಂಗಾ ಕಿರ್ಚೋದು? ನನ್ ಎದೆ ನಿಂತ್ಹೋಗಿದ್ರೆ ಏನ್ಮಾಡ್ತಿದ್ದೆ?" ಮಕ್ಕಳು ಅಳತೊಡಗಿದರು. ಯಾರೋ ಪುಣ್ಯಾತ್ಮರು ದೂರು ಬೇರೆ ಕೊಟ್ಟರು.

ನಮ್ಮ ಮ್ಯಾನೇಜರ್ ಬ್ರಾಂಟ್ ಅವಳನ್ನು ಕೆಲಸದಿಂದ ತೆಗೆಯಲು ಹೊರಟ. ಓಡಿದ್ದು, ಕಿರುಚಿದ್ದು, ಬೆರಳು ತೋರಿಸಿದ್ದು, ಹೀಗೆ ಮೂರು ತಪ್ಪು ಓದಿದ. ನನಗೆ ಮೈಯೆಲ್ಲ ಉರಿದುಹೋಯಿತು ಒಡಾಲಿಸ್. ಮುಖ್ಯ ಕಚೇರಿಯ ದೊಡ್ಡಮ್ಮ ಕುಳಿತಿದ್ದ ಸಭೆಯಲ್ಲೇ ಎದ್ದು ನಿಂತು, ಅವಳು ಮಾಡಿದ್ದೇ ಸರಿ ಅಂದೆ.

"ವರ್ಲೀನ್, ನೀವೇ ಹಿಂಗಂದ್ರೆ ಹೆಂಗೆ? ಈ ನಿಯಮಾನ ಇಪ್ಪತ್ತಾರು ವರ್ಷದಿಂದ ಕಲಿಸ್ತಿರೋರು ನೀವು" ಅಂದ ಬ್ರಾಂಟ್.

"ಅದಕ್ಕೇ ಹೇಳ್ತಿದೀನಿ. ಅವಳು ಎರಡು ಬೆರಳು ಜೋಡ್ಸೋಷ್ಟರಲ್ಲಿ ಆ ಅಜ್ಜ ಎರಡು ತುಂಡಾಗ್ತಿದ್ದ. ಅವಳ್ನ ಕಳಿಸೋದಾದ್ರೆ ನನ್ನೂ ಕಳ್ಸಿ."

ದೊಡ್ಡಮ್ಮ ಬ್ರಾಂಟ್ ಓದಿದ ತಪ್ಪಿನ ಪಟ್ಟಿಯನ್ನು ಮಡಚಿಟ್ಟು, "ಡೆಲ್ಫೀನ್ ಇರ್ಲಿ. ನಿಯಮ ಹೋಗ್ಲಿ" ಅಂದರು.

ಈಗ ಕಸ ಗುಡಿಸುವವನಾಗಲಿ, ಜೋಳದ ಅರಳು ಮಾರುವವಳಾಗಲಿ, ಅಪಾಯ ಕಂಡವರು ತಲೆಯ ಮೇಲೆ ಕೈ ಅಡ್ಡ ಹಿಡಿದು ಕಿರುಚಬೇಕು. ರೈಲು ನಿಲ್ಲಲೇಬೇಕು. ಸುಮ್ಮನೆ ನಿಲ್ಲಿಸಿದ್ದಾದರೂ ಯಾರೂ ಗದರಿಸುವಂತಿಲ್ಲ. ಕೊನೆಯ ಬೋಗಿಯಲ್ಲಿ ಬ್ರೇಕಿನ ಮೇಲೆ ಕೈಯಿಟ್ಟು ಒಬ್ಬರು ನಿಲ್ಲದೆ ರೈಲು ಹಿಂದಕ್ಕೆ ಚಲಿಸುವಂತಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಡೆಲ್ಫೀನ್ ಅರವತ್ತು ಜನಕ್ಕೆ ಕಿರುಚುವ ಪಾಠ ಮಾಡುತ್ತಾಳೆ. ನೋಡಬೇಕು ನೀನು! ನಕ್ಕು ನಕ್ಕು ಅಭ್ಯಾಸವಾದ ಮುಖಗಳು, ಕಿರುಚುವಾಗಲೂ ಹಲ್ಲು ಬಿಡುತ್ತವೆ. "ಅದೇನು ಮದುವೆಗೆ ಕರೀತಿದೀರಾ?" ಎಂದು ಬೈಯುತ್ತಾಳೆ. ಇನ್ನು ನಮ್ಮ ಹಳಿಯ ಮೇಲೆ ಯಾರೂ ಸಾಯುವುದಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಈ ನಿಯಮಕ್ಕೆ ಎಫ್ರಾಯಿನ್ ಹೆಸರಿಟ್ಟಿದ್ದಾರೆ. ಹತ್ತೊಂಬತ್ತನೇ ತಾರೀಕು ಶನಿವಾರ ಪ್ಲಾಟ್‌ಫಾರ್ಮಿನಲ್ಲಿ ಫಲಕ ಹಾಕುತ್ತಾರೆ. ಅದರ ಪರದೆಯನ್ನು ನೀನೇ ಸರಿಸಬೇಕಂತೆ, ನಾನು ಪಕ್ಕದಲ್ಲಿ ನಿಂತು ನಾಲ್ಕು ಮಾತಾಡಬೇಕಂತೆ. ವಿಮಾನದ ಟಿಕೆಟ್ ಅವರೇ ಕಳಿಸುತ್ತಾರೆ.

ದೇವಮಾತೆ ನಿನ್ನನ್ನೂ ಮಕ್ಕಳನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ,
ವರ್ಲೀನ್

ತಾ.ಕ.: ಟಿಕೆಟ್ ಒಪ್ಪಿಕೊಳ್ಳುವ ಮೊದಲು ಇದನ್ನು ಓದು. ಎಫ್ರಾಯಿನ್ ಸತ್ತ ದಿನ ನಾನು ಬೆನ್ನು ತಿರುಗಿಸಿ ನಿಂತಿದ್ದೆ, ಏನೂ ಕಾಣಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದೆ. ನಿನ್ನ ಅಡುಗೆಮನೆಯಲ್ಲಿ ನಿನ್ನ ಕೈ ಹಿಡಿದುಕೊಂಡೂ ಅದನ್ನೇ ಹೇಳಿದೆ. ಸುಳ್ಳು. ಯಾವುದೋ ಮಗುವಿನ ಟೋಪಿ ಎತ್ತಲು ಅವನು ಹಳಿಗಿಳಿದದ್ದನ್ನು ಕಂಡೆ. ಬಾಯಿ ತೆರೆದೆ, ಸುತ್ತ ಅತಿಥಿಗಳಿದ್ದರು, ಮುಚ್ಚಿಕೊಂಡೆ. ನಗುತ್ತಾ ಫೋನಿನ ಕಡೆ ನಡೆದೆ. ಒಂಬತ್ತು ಹೆಜ್ಜೆಯ ದೂರ, ಏಳನೆಯದಕ್ಕೆ ಸದ್ದು ಕೇಳಿಸಿತು. ನಿನ್ನೆ ಇದನ್ನೆಲ್ಲ ಕಚೇರಿಗೂ ಬರೆದುಕೊಟ್ಟಿದ್ದೇನೆ. ಶನಿವಾರ ನನಗೆ ಮಾತಾಡಲು ಬಿಟ್ಟರೆ ಇದನ್ನೇ ಹೇಳುವವಳು. ನನ್ನ ಪಕ್ಕ ನಿಲ್ಲಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ಇನ್ನೊಂದನ್ನು ಮಾತ್ರ ಕಚೇರಿಗೆ ಬರೆಯಲಿಲ್ಲ, ಅದು ನಿನ್ನೊಬ್ಬಳಿಗೆ. ನಾನು ಫೋನಿನ ಕಡೆ ಹೊರಟಾಗ ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಒಡಾಲಿಸ್. ನಾನು ನಗುತ್ತಿದ್ದೆನಲ್ಲ, ಎಲ್ಲ ಸರಿಯಿದೆ ಅಂದುಕೊಂಡು ಅವನೂ ನಕ್ಕ.