ನೆಲದತ್ತ ಬಾಗಿದ ಆಂಟೆನಾಗಳು

ಚಂದ್ರನ ಹಿಂಬದಿ, ಮೌನಶಕ ೩೧೨,
ಹದಿಮೂರನೆಯ ಮಾಸದ ಮೂವತ್ತೈದನೆಯ ದಿನ

ಪೂಜ್ಯ ಪೂರ್ವಿಕರಿಗೆ ಶ್ರುತಕೀರ್ತಿಯ ವಂದನೆಗಳು.

ಈ ದಿನಾಂಕ ನಿಮ್ಮ ಪಂಚಾಂಗದಲ್ಲಿ ಸಿಗದು. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ಒಗ್ಗಲಾರವು. ಮನ್ನಿಸಬೇಕು. ನೀವು ಗೆಲಾಕ್ಸಿ ಎನ್ನುವುದನ್ನು ನಾವು ತಾರಾಸಾಗರ ಎನ್ನುತ್ತೇವೆ. ಅಂಥದೊಂದು ದೂರದ ತಾರಾಸಾಗರದ ನಡುವೆ ಕುಳಿತು, ಸುತ್ತಲಿನ ಅನಿಲವನ್ನು ಸೆಳೆದು, ನುಂಗಲಾರದ್ದನ್ನು ಧಾರೆಯಾಗಿ ಚಿಮ್ಮಿಸುವ ಕಪ್ಪುಕುಳಿಯ ಕಡೆಯಿಂದ ಬರುವ ರೇಡಿಯೊ ಅಲೆಗಳನ್ನು ಆಲಿಸುವುದು ನಮ್ಮ ಊರಿನ ಕಸುಬು. ಭೂಮಿಯ ಗದ್ದಲ ಇಲ್ಲಿಗೆ ಮುಟ್ಟದು. ನಮ್ಮದೇ ಗದ್ದಲ ಮುಟ್ಟೀತೆಂದು, ಆಲಿಸುವಷ್ಟು ಹೊತ್ತು ಇಡೀ ಊರು ಮೌನವನ್ನು ಆಚರಿಸುತ್ತದೆ. ಎಂದರೆ ಯಾವ ವಿದ್ಯುತ್ ಯಂತ್ರವೂ ತಿರುಗಕೂಡದು. ಒಲೆ ಆರಿಸಿ, ನೆನೆಸಿದ ಅವಲಕ್ಕಿ ತಿಂದು, ಬೀಸಣಿಗೆ ಹಿಡಿದು ಕೂರುತ್ತೇವೆ. ಮೋಟಾರಿನ ಒಂದು ಕಿಡಿ ಸಾಕು, ಆ ಕ್ಷೀಣ ಅಲೆಗಳು ಮುಳುಗಿಹೋಗುತ್ತವೆ.

ಕಳೆದ ಮೌನ ಮುಗಿದೊಡನೆ ಅಡುಗೆಯ ಸಿದ್ದಲಿಂಗವ್ವ ಓಡಿಬಂದಳು. "ಅಜ್ಜಾರ, ರುಬ್ಬೋ ಮಷೀನು ಬಂದ್ ಮಾಡೂದ ಮರ್ತೇನ್ರಿ! ನಿಮ್ಮ ಚುಕ್ಕಿಗೆಲ್ಲಾ ಉದ್ದಿನ ಹಿಟ್ಟು ಮೆತ್ತಿರತೈತ್ರಿ!"

ಆದರೆ ಆಲಿಸಿದ ಅಲೆಗಳಿಂದ ಮೂಡುವ ಚಿತ್ರ ಒಂದು ಕಲೆಯೂ ಇಲ್ಲದೆ ಹೊರಬಂದಿತ್ತು. ಎಲ್ಲರೂ ನಕ್ಕು ಹಗುರಾದರು. ನನಗೆ ಸಂಶಯ ಹತ್ತಿತು. ನಮ್ಮ ಆಂಟೆನಾಗಳು ದೂರದೂರ ನಿಂತಿರುವುದರಿಂದ ಚಿತ್ರದಲ್ಲಿ ತೆರಪುಗಳು ಉಳಿಯುತ್ತವೆ. ಅವನ್ನು ಊಹಿಸಿ ತುಂಬುವ ಯಂತ್ರಕ್ಕೆ ಪೂರಕವೆಂದು ಹೆಸರು. ಅದಕ್ಕೆ ಪಾಠ ಹೇಳಿದವರು ನೀವು. ಪಾಠಕ್ಕೆಂದು ಕೊಟ್ಟದ್ದು ತೊಳೆದು ತಿದ್ದಿದ ಅಂದದ ಚಿತ್ರಗಳನ್ನು ಮಾತ್ರ.

ಮುಂದಿನ ಮೌನ ತೊಡಗುವ ಮುನ್ನ ನಾನು ಯಾರಿಗೂ ತಿಳಿಸದೆ ಆಂಟೆನಾಗಳನ್ನೆಲ್ಲ ನೆಲದತ್ತ ಬಾಗಿಸಿದೆ. ಅವು ಕಂಡದ್ದು ಬರಿಯ ಧೂಳು. ಪೂರಕ ಕೊಟ್ಟದ್ದು ಅದೇ ಕಪ್ಪುಕುಳಿ, ಅದೇ ಧಾರೆ.

ಸಭೆಯಲ್ಲಿ ಇದನ್ನು ಹೇಳಿದರೆ ಊರು ಬೆಚ್ಚೀತೆಂದು ನಂಬಿದ್ದೆ. ಮುಖ್ಯಸ್ಥ ಚಿತ್ರಭಾನು ಬೆಚ್ಚಲಿಲ್ಲ. "ನೆಲಾ ನೋಡಿದ್ರೂ ಚಿತ್ರ ಬರತೈತಿ ಅಂದ್ರ ಆಂಟೆನಾ ಯಾಕ ಬೇಕ್ರಿ ಅಜ್ಜಾರ? ಕರಗಿಸಿ ಮನಿಗೆ ಚಾವಣಿ ಮಾಡೂಣು."

"ಹೌದ್ ನೋಡ್ರಿ, ದಿನಾ ಬಿಸಿ ಊಟ ಆದ್ರೂ ಸಿಗತೈತಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಒಪ್ಪಿತು. ಚಿತ್ರಭಾನುವಿನ ಉತ್ತರ ಅಷ್ಟು ಬೇಗ ಬಂದುದೂ ನನಗೆ ಹಿಡಿಸಲಿಲ್ಲ. ಈ ಸಂಗತಿ ಅವನಿಗೆ ಮೊದಲೇ ತಿಳಿದಿತ್ತೇ? ಕುಲುಮೆಯಂತೂ ಆಗಲೇ ಕಾದಿದೆ.

ಇಲ್ಲಿ ನನ್ನ ಮಾತು ನಡೆಯದಾದ್ದರಿಂದ ನಿಮ್ಮನ್ನು ಬೇಡುತ್ತಿದ್ದೇನೆ. ನೀವು ಆಲಿಸಿದ ಅಲೆಗಳನ್ನು ತೊಳೆಯುವ ಮುನ್ನವೇ, ಗದ್ದಲದ ಕರಕರ ಸಮೇತ, ಉಳಿಸಿಡಿ. ಯಂತ್ರಕ್ಕೆ ಪಾಠ ಹೇಳುವಾಗ ಏನೂ ಸಿಗದೆ ಹೋದ ದಿನಗಳನ್ನೂ ತೋರಿಸಿ. ಕಾಣದಿದ್ದಾಗ ಕಾಣದು ಎನ್ನುವುದನ್ನು ಕಲಿಸಿ. ಜೀವಮಾನವೆಲ್ಲ ಆ ಧಾರೆಯನ್ನು ನೋಡುತ್ತ ಬಂದವನು ನಾನು. ಅದು ಈಗಲೂ ಚಿಮ್ಮುತ್ತಿದೆಯೋ, ನಾನು ಹುಟ್ಟುವ ಮೊದಲೇ ಬತ್ತಿತ್ತೋ, ನನಗೆ ತಿಳಿಯದು.