ಪರದೆಯ ಮೇಲಿನ ನೀರು

ಕಾರ್ಖಾನೆ ಕಾಲನಿ, ತಾಲೂಕು ರಾಯಬಾಗ
೯ ಫೆಬ್ರುವರಿ ೧೯೯೮, ಸೋಮವಾರ

ಪ್ರೀತಿಯ ಸೋನಕ್ಕ,

ನಿನಗೂ ನಿನ್ನ ಯಜಮಾನರು ನಮ್ಮ ದಾಜಿಯವರಿಗೂ ನಿನ್ನ ರಾಜಿಯ ನಮಸ್ಕಾರ. ಸಂಕ್ರಮಣಕ್ಕೆ ನೀನು ಕಳಿಸಿದ ಕುಸುರೆಳ್ಳಿನ ಡಬ್ಬಿ ಮುಟ್ಟಿ ತಿಂಗಳಾಗುತ್ತ ಬಂತು. ಮುಟ್ಟಿತು ಅಂತ ಎರಡು ಸಾಲು ಬರೆಯಲಿಲ್ಲ ಎಂದು ಸಿಟ್ಟಾಗಿರುತ್ತೀ. ಮೂರು ಸಲ ಕಾಗದ ಹಿಡಿದು ಕೂತೆ, ಮೂರೂ ಸಲ ನಿನ್ನ ಹೆಸರು ಬರೆದು ನಿಲ್ಲಿಸಿದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಾನು ಸುರಕ್ಷಿತವಾಗಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಸುದ್ದಿ ಇಷ್ಟರಲ್ಲಿ ನಿಪ್ಪಾಣಿಗೂ ಬಂದಿರಬೇಕು. ನನ್ನ ಮೈಮೇಲೆ ಒಂದು ಗೀರೂ ಬಿದ್ದಿಲ್ಲ.

ದೀಪಾವಳಿಗೆ ಬಂದಾಗ ನಾನು ಊಟದ ತಾಟಿನ ಮುಂದೆ ಕೂತು ಕಂಪ್ಯೂಟರಿನ ಹೊಸ ಭಾಷೆ ವಿಜುವಲ್ ಬೇಸಿಕ್, ವಿಜುವಲ್ ಬೇಸಿಕ್ ಅಂತ ಒಂದೇ ಸಮನೆ ಹೇಳುತ್ತಿದ್ದೆ, ನೆನಪಿದೆಯಾ? "ಅದ್ಯಾವ ಬೇಸಿಕ್ಕೋ ಏನೋ, ಮೊದಲ ಉಣ್ಣ ಬೇ, ಸಾರ ಆರಾಕತ್ತೈತಿ" ಅಂತ ನೀನು ಬೈದೆ. ನಾನೇನು ಮಾಡಲಿ ಅಕ್ಕ, ನನಗೆ ಹುಚ್ಚು ಹಿಡಿದಿತ್ತು. ನಾಲ್ಕು ವರ್ಷ ಕಾರ್ಖಾನೆಯ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳನ್ನು ಕೂರಿಸಿದವಳು ನಾನು. ಒಂದು ಗೆರೆ ಎಳೆಯಬೇಕೆಂದರೂ ಅರ್ಧ ದಿನ ಬೇಕಾಗುತ್ತಿತ್ತು. ಕೊಲ್ಲಾಪುರದಲ್ಲಿ ಐದು ದಿನದ ಕ್ಲಾಸಿಗೆ ಹೋದೆನಲ್ಲ, ಅಲ್ಲಿ ಮಾಸ್ತರರು ಮೌಸ್ ಹಿಡಿದು ಪರದೆಯ ಮೇಲೆ ಒಂದು ಗುಂಡಿಯನ್ನು ಎಳೆದು ತಂದಿಟ್ಟರು. ಅದನ್ನು ಒತ್ತಿದರು. ಅದು ನಿಜವಾದ ಗುಂಡಿಯ ಹಾಗೆ ಒಳಗೆ ಹೋಗಿ ಮತ್ತೆ ಮೇಲೆ ಬಂತು. ನನಗೆ ಕಣ್ಣಲ್ಲಿ ನೀರು ಬಂತು ಅಂದರೆ ನಂಬು. ಬಣ್ಣ, ಚಿತ್ರ, ಪಟ್ಟಿ, ಎಲ್ಲ ತಯಾರಾಗಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬೇಕಾದ್ದನ್ನು ಎತ್ತಿಕೊಂಡು ಬೇಕಾದಲ್ಲಿ ಇಡುವುದಷ್ಟೇ ನಮ್ಮ ಕೆಲಸ. ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟ್ಟಿನ ಹಿಂದೆಯೇ ಬಾಯ್ಲರಿನ ಪರದೆಯ ನಕ್ಷೆ ಹಾಕಿದ್ದೆ.

ಬಾಯ್ಲರ್ ಅಂದರೆ ಮೂರಂತಸ್ತಿನ ಮನೆಯಷ್ಟು ಎತ್ತರದ ಒಲೆ. ಕೆಳಗೆ ಕಬ್ಬಿನ ಸಿಪ್ಪೆ ಉರಿಯುತ್ತದೆ, ಮೇಲಿನ ಡ್ರಮ್ಮಿನಲ್ಲಿ ನೀರು ಕುದಿದು ಉಗಿಯಾಗುತ್ತದೆ. ಇಡೀ ಕಾರ್ಖಾನೆ ನಡೆಯುವುದು ಆ ಉಗಿಯಿಂದ. ಡ್ರಮ್ಮಿನಲ್ಲಿ ಅರ್ಧದಷ್ಟು ನೀರು ಇರಲೇಬೇಕು. ಕಡಿಮೆಯಾದರೆ ಕೊಳವೆಗಳು ಕೆಂಪಗೆ ಕಾಯುತ್ತವೆ. ಹಾಗೆ ಕಾದ ಮೇಲೆ ಅವಸರದಲ್ಲಿ ಯಾರಾದರೂ ನೀರು ಬಿಟ್ಟರೆ ಒಲೆ ಸಿಡಿದು ಸುತ್ತ ಇದ್ದವರು ಯಾರೂ ಉಳಿಯುವುದಿಲ್ಲ.

ಮೊದಲು ಪರದೆಯಲ್ಲಿ ಅಂಕಿ ಇದ್ದರೂ ನೀರು ನೋಡಲು ಅರ್ಧ ಗಂಟೆಗೊಮ್ಮೆ ಯಾರಾದರೂ ಏಣಿ ಹತ್ತಿ ಮೇಲೆ ಹೋಗಬೇಕಿತ್ತು. ಅಲ್ಲೊಂದು ಗಾಜಿನ ನಳಿಗೆ ಇದೆ, ಅದರಲ್ಲಿ ನೀರು ಕಾಣುತ್ತದೆ. ಹೆಚ್ಚಾಗಿ ಆ ಕೆಲಸ ವಿಠೋಬಾ ಕಾಕಾನದು. ಚಿಂಚಲಿಯವನು, ಐವತ್ತೆರಡು ವರ್ಷ, ಕಾರ್ಖಾನೆ ಶುರುವಾದಾಗಿನಿಂದ ಬಾಯ್ಲರ್ ಮುಂದೆಯೇ ಇದ್ದಾನೆ. ಓದು ಬರಹ ಬಾರದು. ನನ್ನ ಹಳೆಯ ಪರದೆಯ ಮುಂದೆ ನಿಂತು "ಇದ ಏನ್ ಹೇಳತೈತ್ರಿ ಬಾಯಾರ?" ಅಂತ ಕೇಳುತ್ತಿದ್ದ.

ಅವನಿಗಾಗಿಯೇ ಅಂತ ನಾನು ಹೊಸ ಪರದೆಯಲ್ಲಿ ಡ್ರಮ್ಮಿನ ಚಿತ್ರ ಬರೆದೆ. ಒಳಗೆ ನೀಲಿ ನೀರು. ಡ್ರಮ್ಮಿನಲ್ಲಿ ನೀರು ಏರಿದರೆ ಚಿತ್ರದಲ್ಲೂ ಏರುತ್ತದೆ, ಇಳಿದರೆ ಇಳಿಯುತ್ತದೆ, ತೀರ ಇಳಿದರೆ ಕೆಂಪಾಗುತ್ತದೆ. ಡಿಸೆಂಬರಿನಲ್ಲಿ ಅದು ಶುರುವಾದ ದಿನ ಕಾಕಾ ಟೋಪಿ ತೆಗೆದು ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಈಗ ನನಗೂ ಓದಾಕ ಬಂತ ನೋಡ್ರಿ" ಅಂದ. ಅಕ್ಕ, ಆ ಮಾತಿಗಿಂತ ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ.

ನಮ್ಮ ಚೀಫ್ ಇಂಜಿನಿಯರ್ ಆಬಾಸಾಹೇಬರೂ ಖುಷಿಯಾದರು. "ಇನ್ನ ಗಾಜ ನೋಡಾಕ ಮ್ಯಾಲ ಹತ್ತೂದ ಬ್ಯಾಡ. ಇಲ್ಲೇ ಕುಂತ ನೋಡ್ರಿ, ಸಾಕ" ಅಂತ ಎಲ್ಲರಿಗೂ ಹೇಳಿದರು. ನನಗೆ ಹೆಮ್ಮೆಯಾಯಿತು. ಒಂದು ಚಿತ್ರ ಬರೆದು ಒಬ್ಬ ಮನುಷ್ಯನನ್ನು ಏಣಿಯಿಂದ ಇಳಿಸಿದೆ ಅಂದುಕೊಂಡೆ.

ಜನವರಿ ೨೯, ಗುರುವಾರ. ಬೆಳಿಗ್ಗೆ ಹತ್ತು ಗಂಟೆ. ನಾನು ಕಂಪ್ಯೂಟರ್ ಕೋಣೆಯಲ್ಲಿದ್ದೆ, ಕಿಟಕಿಯಾಚೆಯೇ ಬಾಯ್ಲರ್. ವಿಠೋಬಾ ಕಾಕಾ ಬಾಗಿಲಲ್ಲಿ ಬಂದು ನಿಂತ.

"ಬಾಯಾರ, ಒಲಿ ದನಿ ಬ್ಯಾರೆ ಬರಾಕತ್ತೈತ್ರಿ."

ನಾನು ಪರದೆ ನೋಡಿದೆ. ನೀಲಿ ನೀರು ಸರಿಯಾಗಿ ಅರ್ಧಕ್ಕೆ ಇತ್ತು. "ನೀರ ಐತಲ್ಲ ಕಾಕಾ, ನೋಡ್ರಿ" ಅಂದೆ.

ಅವನು ಬಗ್ಗಿ ನೋಡಿದ. "ಹೌದ್ರಿ, ಐತಿ" ಅಂದ. ಹೋದ. ಆದರೆ ಅವನಿಗೆ ಸಮಾಧಾನವಾಗಲಿಲ್ಲ. ಕಿಟಕಿಯಿಂದ ನೋಡಿದರೆ ಆಬಾಸಾಹೇಬರು ಬೇಡವೆಂದಿದ್ದ ಏಣಿಯನ್ನು ಹತ್ತುತ್ತಿದ್ದ. ನಾನು, ಅಕ್ಕ, ನಕ್ಕೆ. ಹಳೆಯ ಚಟ ಅಂದುಕೊಂಡೆ.

ಒಂದು ನಿಮಿಷ ಆಗಿರಬಹುದು. ಮೇಲಿನಿಂದ ಅವನ ಕೂಗು ಕೇಳಿತು. "ಗಾಜ ಖಾಲಿ ಐತಿ! ನೀರ ಬಿಡಬ್ಯಾಡ್ರಿ! ಯಾರೂ ನೀರ ಬಿಡಬ್ಯಾಡ್ರಿ! ಬೆಂಕಿ ಎಳೀರಿ!"

ಕೆಳಗೆ ಒಬ್ಬ ಗಾಬರಿಯಲ್ಲಿ ನೀರಿನ ಕೀಲಿಗೆ ಕೈ ಹಾಕಿಯೇಬಿಟ್ಟಿದ್ದ. ಕೂಗು ಕೇಳಿ ಕೈ ತೆಗೆದ. ಉಳಿದವರು ಒಲೆಯ ಬಾಯಿ ತೆರೆದು ಉರಿಯುವ ಸಿಪ್ಪೆಯನ್ನು ಹೊರಗೆ ಎಳೆಯತೊಡಗಿದರು. ನಾನು ಕುರ್ಚಿಯಲ್ಲೇ ಇದ್ದೆ. ಹೊರಗೆ ಹೂಟರ್ ಕೂಗುತ್ತಿತ್ತು, ಜನ ಗೇಟಿನ ಕಡೆಗೆ ಓಡುತ್ತಿದ್ದರು, ನನ್ನ ಪರದೆಯ ಮೇಲೆ ಮಾತ್ರ ನೀಲಿ ನೀರು ಅರ್ಧಕ್ಕೇ ನಿಂತಿತ್ತು. ಅಲುಗಲಿಲ್ಲ. ಕೆಂಪಾಗಲಿಲ್ಲ. ಅಂಥ ಭಯ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಉಗಿ ಹೊರಗೆ ಬಿಡುವ ಚಕ್ರ ಮೇಲೆಯೇ ಇದೆ. ಕಾಕಾ ಇಳಿದು ಬರಲಿಲ್ಲ, ಅದನ್ನು ತಿರುಗಿಸುತ್ತ ನಿಂತ. ಆಗ ಪಕ್ಕದ ಒಂದು ಕೊಳವೆ ಬಾಯಿ ಬಿಟ್ಟು ಉಗಿ ಅವನ ಮೇಲೆ ನುಗ್ಗಿತು. ಬಾಯ್ಲರ್ ಸಿಡಿಯಲಿಲ್ಲ. ಆ ಹೊತ್ತಿಗೆ ಅಲ್ಲಿ ನಲವತ್ತು ಜನ ಇದ್ದರು, ನಾನೂ ಸೇರಿ. ಎಲ್ಲರೂ ಉಳಿದೆವು. ಕಾಕಾನನ್ನು ಗೋಣಿತಟ್ಟಿನಲ್ಲಿ ಮಲಗಿಸಿ ಇಳಿಸಿದರು. ಎರಡೂ ಕೈ, ಮುಖದ ಬಲಗಡೆ ಬೆಂದಿದ್ದವು.

ಈಗ ಅವನು ಮಿರಜದ ದವಾಖಾನೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ. ಬಲಗಣ್ಣಿನ ದೃಷ್ಟಿ ಮರಳಿ ಬರುವುದಿಲ್ಲ. ನಿನ್ನೆ ಭಾನುವಾರ ಹೋಗಿ ಬಂದೆ. ಅವನ ಹೆಂಡತಿ ಮಲಕವ್ವ ನನ್ನ ಕೈ ಹಿಡಿದುಕೊಂಡು, "ನೀವರ ಬಂದ್ರಲ್ಲ ಬಾಯಾರ, ಕಾರ್ಖಾನಿಯವರು ಒಬ್ಬರೂ ಈ ಕಡೆ ಹಣಿಕಿ ಹಾಕಿಲ್ಲ" ಅಂತ ಅತ್ತಳು. ನಾನು ತಂದ ಬಾಳೆಹಣ್ಣನ್ನು ನನಗೇ ಸುಲಿದು ಕೊಟ್ಟಳು.

ತಪಾಸಣೆಯವರು ಬಂದು ಎರಡು ದಿನ ನೋಡಿದರು. ಡ್ರಮ್ಮಿನಿಂದ ಕಂಪ್ಯೂಟರಿಗೆ ನೀರಿನ ಲೆಕ್ಕ ತರುವ ತಂತಿಯನ್ನು ಇಲಿ ಕಡಿದಿತ್ತು. ಕಡಿದ ತುಂಡನ್ನು ಎಲ್ಲರಿಗೂ ತೋರಿಸಿದರು. ತಪ್ಪನ್ನು ಇಲಿಯ ಮೇಲೆ ಬರೆದು ಕಾಗದ ಮುಗಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆಬಾಸಾಹೇಬರು ನನ್ನ ಟೇಬಲ್ಲಿಗೇ ಬಂದು, "ರಾಜಮತಿ, ನಿಂದೇನ ತಪ್ಪಿಲ್ಲ. ಆರಾಮ ಇರು" ಅಂದರು. ಬರುವ ವಾರ ಅಥಣಿ ಕಡೆಯ ಇನ್ನೊಂದು ಕಾರ್ಖಾನೆಯವರು ನನ್ನ ಪರದೆ ನೋಡಲು ಬರುತ್ತಾರಂತೆ. ಅವರಿಗೂ ಇಂಥದ್ದೇ ಬೇಕಂತೆ.

ಬಾಯ್ಲರ್ ರಿಪೇರಿಯಾಗಿ ಮೊನ್ನೆ ಮತ್ತೆ ಹೊತ್ತಿಸಿದ್ದಾರೆ. ನಾನು ಪ್ರತಿ ಕಾಲು ಗಂಟೆಗೆ ಎದ್ದು ಏಣಿ ಹತ್ತಿ ಗಾಜು ನೋಡಿ ಬರುತ್ತೇನೆ. ಸೀರೆ ಉಟ್ಟುಕೊಂಡು ಹತ್ತುವುದನ್ನು ನೋಡಿ ಗಂಡಸರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಇಳಿದು ಬಂದು ಕೂತ ಕೂಡಲೆ ಮತ್ತೆ ಅನುಮಾನ ಬರುತ್ತದೆ. ಈಗ ಇದ್ದ ನೀರು ನಾನು ಏಣಿ ಇಳಿಯುವಷ್ಟರಲ್ಲಿ ಹೋಗಿದ್ದರೆ? ಊಟಕ್ಕೆ ಕೂತರೂ ಕಿವಿ ಒಲೆಯ ದನಿಯ ಕಡೆಗೇ ಇರುತ್ತದೆ. ಯಾವ ದನಿ ಸರಿ, ಯಾವುದು ಬೇರೆ ಅಂತ ನನಗೆ ತಿಳಿಯುವುದೂ ಇಲ್ಲ. ಅದು ಕಾಕಾನಿಗೆ ಮಾತ್ರ ತಿಳಿಯುತ್ತಿತ್ತು.

ಸಣ್ಣವಳ ಕೆಮ್ಮು ಹೇಗಿದೆ? ಶ್ರೀಪಾಲನ ಪರೀಕ್ಷೆ ಹತ್ತಿರ ಬಂತು, ಸಿಟ್ಟು ಮಾಡದೆ ಓದಿಸು. ಮಕ್ಕಳಿಬ್ಬರಿಗೂ ಈ ಚಿಕ್ಕವ್ವನ ಆಶೀರ್ವಾದ; ಅವರ ಕೈಕಾಲು ಕಣ್ಣು ಸದಾ ಗಟ್ಟಿಯಾಗಿರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ ಅಕ್ಕ, ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ.

ನಿನ್ನ ತಂಗಿ,
ರಾಜಮತಿ

ತಾ.ಕ.: ಇದನ್ನು ದಾಜಿಯವರಿಗೆ ತೋರಿಸಬೇಡ. ತಂತಿ ಕಡಿದದ್ದು ಇಲಿಯೇ, ಸುಳ್ಳಲ್ಲ. ಆದರೆ ತಂತಿ ಕಡಿದರೆ ಪರದೆ ಹೇಳಬೇಕಿತ್ತು. ನನ್ನ ಹಳೆಯ ಕಪ್ಪು ಪರದೆ ಹೇಳುತ್ತಿತ್ತು, ಅಂಕಿ ಹೋಗಿ ಬರೀ ಗೆರೆ ಬರುತ್ತಿದ್ದವು. ಹೊಸದೂ ಮೊದಲು ಹೇಳುತ್ತಿತ್ತು. ಡಿಸೆಂಬರಿನಲ್ಲಿ ಚೇರ್ಮನ್ನರಿಗೆ, ಡೈರೆಕ್ಟರುಗಳಿಗೆ ತೋರಿಸುವಾಗ ತಂತಿ ಸ್ವಲ್ಪ ಅಲುಗಿ ಚಿತ್ರದ ನಡುವೆ ತಪ್ಪಾಗಿದೆ ಅನ್ನುವ ಬೂದು ಚೌಕ ಎದ್ದು ನಿಂತಿತು. ಒಬ್ಬ ಡೈರೆಕ್ಟರು, "ಹೆಣಮಕ್ಕಳ ಕೈಯಾಗ ಕೊಟ್ಟರ ಇಷ್ಟ" ಅಂದ. ಎಲ್ಲರೂ ನಕ್ಕರು. ಅವತ್ತು ಸಂಜೆ ನಾನು ಆ ಪರದೆಯ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಇಂಗ್ಲಿಷಿನಲ್ಲಿ ನಾಲ್ಕೇ ಶಬ್ದ. ತಪ್ಪು ಬಂದರೆ ನಿಲ್ಲಬೇಡ, ಯಾರಿಗೂ ಹೇಳಬೇಡ, ಮುಂದಕ್ಕೆ ಹೋಗು ಅಂತ ಅದರ ಅರ್ಥ. ಅಲ್ಲಿಂದ ಮುಂದೆ ತಂತಿ ಇರಲಿ ಬಿಡಲಿ, ಕೊನೆಗೆ ಕಂಡ ನೀರನ್ನೇ ಪರದೆ ತೋರಿಸುತ್ತ ಕೂತಿತು. ಈಗ ಆ ಸಾಲನ್ನು ತೆಗೆದಿದ್ದೇನೆ. ಇದ್ದದ್ದು ಯಾರಿಗೂ ಗೊತ್ತಿಲ್ಲ.

ಮಿರಜದಲ್ಲಿ ವಿಠೋಬಾ ಕಾಕಾ ಕಟ್ಟು ಕಟ್ಟಿದ ಕೈ ಎತ್ತಿ ನನ್ನನ್ನು ಹತ್ತಿರ ಕರೆದ. "ಬಾಯಾರ, ನಾ ನೋಡಿದಾಗ ನೀರ ಇತ್ತಲ್ರಿ? ನನ್ನ ಕಣ್ಣ ತಪ್ಪಿದ್ದಲ್ಲಲ್ರಿ?" ಅಂತ ಕೇಳಿದ. ಹತ್ತು ದಿನದಿಂದ ಅದೊಂದೇ ಅವನನ್ನು ಕೊರೆಯುತ್ತಿದೆಯಂತೆ. ಚಿತ್ರ ಓದಲು ತನಗೇ ಬರಲಿಲ್ಲವೋ ಏನೋ ಅಂತ.

ನಾನು, "ಇತ್ತರಿ ಕಾಕಾ. ನೀರ ಇತ್ತು" ಅಂದುಬಿಟ್ಟೆ. ಆ ನೀರೇ ಸುಳ್ಳು, ಸುಳ್ಳು ಮಾಡಿದವಳು ನಾನು ಅಂತ ಹೇಳಲಿಲ್ಲ.

ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಮೊದಲು ಅವನಿಗೆ ಹೇಳಬೇಕು, ಆಮೇಲೆ ಆಬಾಸಾಹೇಬರಿಗೆ. ನೀನು ನಿಪ್ಪಾಣಿಯಿಂದ ನೇರವಾಗಿ ಮಿರಜಕ್ಕೆ ಬಾ ಅಕ್ಕ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಒಬ್ಬಳೇ ಹೋದರೆ ಅವನ ಮುಖ ನೋಡಿ ಮತ್ತೆ 'ಇತ್ತು' ಅಂತಲೇ ಹೇಳಿ ಬಂದುಬಿಡುತ್ತೇನೆ.