ಅಪ್ಪನ ಪಾತ್ರ ಮಾಡಿದ್ದು

ಮನೆ
ಮೇ ೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ಹೇಗಿದೆ? ಊರುಗೋಲಿಲ್ಲದೆ ಬಾಲ್ಕನಿಯವರೆಗೆ ನಡೆದಿರಿ ಎಂದು ಅತ್ತಿಗೆ ಹೇಳಿದರು. ಅಣ್ಣ ಅದನ್ನೇ ಗೇಟಿನವರೆಗೆ ಎಂದ. ನಾನು ಅತ್ತಿಗೆಯನ್ನು ನಂಬುತ್ತೇನೆ. ಮೆಟ್ಟಿಲ ವಿಷಯದಲ್ಲಿ ಮಾತ್ರ ಶೌರ್ಯ ಬೇಡ. ಅಮ್ಮ ಚೆನ್ನಾಗಿದ್ದಾಳೆ. ನೀವು ಅಣ್ಣನ ಮನೆಯಲ್ಲಿರುವುದರಿಂದ ದಿನಪತ್ರಿಕೆ ಮೊದಲು ಅವಳ ಕೈಗೆ ಸಿಗುತ್ತಿದೆ. ಆ ಸುಖಕ್ಕೆ ಒಗ್ಗಿಹೋಗಿದ್ದಾಳೆ.

ಫೋನ್ ಇರುವಾಗ ಕಾಗದ ಏಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು "ಸಿಗ್ನಲ್ ಸರಿ ಇಲ್ಲಮ್ಮ, ಅಣ್ಣನಿಗೆ ಕೊಡ್ತೀನಿ" ಎನ್ನುತ್ತೀರಿ. ಅದೇ ಫೋನಿನಲ್ಲಿ ಅಣ್ಣನಿಗೆ ಎಲ್ಲವೂ ಕೇಳಿಸುತ್ತದೆ. ಬೆಳಗ್ಗೆಯಿಂದ ಬರೆಯಲು ಕೂರುವುದು, ಏಳುವುದು ಇದೇ ಆಯಿತು. ಒಣಗಿದ ಬಟ್ಟೆ ತರಲು ಹೋಗಿ ಒದ್ದೆಯದನ್ನೂ ತಂದೆ. ಅದನ್ನು ಮತ್ತೆ ಹರವಲು ಹೋದೆ. ಈಗ ಕೂತಿದ್ದೇನೆ, ಏಳುವುದಿಲ್ಲ.

ಶಾಲೆಯ ಮುಖ್ಯಸ್ಥರಾಗಬಯಸುವ ಶಿಕ್ಷಕರಿಗೆ ನಡೆಸುವ ಆನ್‌ಲೈನ್ ತರಬೇತಿಗೆ ನಾನು ಸೇರಿದ್ದು ನಿಮಗೆ ಗೊತ್ತೇ? ಊಟದ ಹೊತ್ತಿನಲ್ಲಿ ಹೇಳಿದ್ದೆ. ನೀವು ತಲೆಯಾಡಿಸಿ "ಒಳ್ಳೇದಾಯ್ತು" ಎಂದಿರಿ. ಆಮೇಲೆ ಒಮ್ಮೆಯೂ ಅದರ ಬಗ್ಗೆ ಕೇಳಲಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಶನಿವಾರಗಳಂದು ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಪರದೆಯ ತುಂಬ ನನ್ನಂಥವರೇ. ತರಗತಿಯಲ್ಲಿ ಮಕ್ಕಳ ಬೆನ್ನು ಹತ್ತಿ ಉತ್ತರ ಹೊರಡಿಸುವವರು, ತರಬೇತಿಯ ಮೇಡಂ ಪ್ರಶ್ನೆ ಕೇಳಿದೊಡನೆ ಕ್ಯಾಮೆರಾ ಆರಿಸಿಬಿಡುತ್ತಾರೆ. ವೇಳಾಪಟ್ಟಿ, ಪೋಷಕರ ಸಭೆ ಎಲ್ಲ ಮುಗಿದು ನಿನ್ನೆ ಕಷ್ಟದ ಮಾತಿನ ಪಾಠ ಬಂತು. ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಮಾತನ್ನು ಸಹೋದ್ಯೋಗಿಗೆ ಹೇಗೆ ಹೇಳಬೇಕು ಎಂಬುದು. ನಮ್ಮ ನಮ್ಮ ಶಾಲೆಯ ಒಂದು ನಿಜವಾದ ಪ್ರಸಂಗವನ್ನು, ಯಾರದೆಂದು ಹೇಳದೆ, ತರಬೇಕಿತ್ತು. ಜೊತೆಗಾರರು ಆ ಸಹೋದ್ಯೋಗಿಯ ಪಾತ್ರ ಮಾಡುತ್ತಾರೆ. ನಾವು ಮುಖ್ಯೋಪಾಧ್ಯಾಯರ ಪಾತ್ರ.

ನಾನು ನಿಮ್ಮ ಪ್ರಸಂಗವನ್ನು ತಂದೆ, ಅಪ್ಪಾ.

ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ದಿನ, ನಿಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಹಿಂದಿನ ಬೆಂಚಿನ ಬರ್ನರಿನಿಂದ ಗ್ಯಾಸಿನ ಕೊಳವೆ ಕಳಚಿಕೊಂಡಿತು. ಪಕ್ಕದ ಬೆಂಚಿನಲ್ಲಿ ಇನ್ನೊಂದು ಬರ್ನರ್ ಉರಿಯುತ್ತಿತ್ತು. ಹುಡುಗಿಯರು "ಸರ್, ಸರ್" ಎಂದು ಕಿರುಚಿದ್ದು ಪಕ್ಕದ ತರಗತಿಯಲ್ಲಿದ್ದ ನನಗೆ ಕೇಳಿಸಿತು. ನಾನು ಬಾಗಿಲಿಗೆ ಬಂದಾಗ ನೀವು ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದಿರಿ. ಅಟೆಂಡರ್ ಓಡಿಬಂದು ಗ್ಯಾಸ್ ನಿಲ್ಲಿಸಿದ್ದ. ನೀವು ತಿರುಗಿ "ಏನ್ರಮ್ಮಾ?" ಎಂದಾಗ ಮಕ್ಕಳು "ಏನಿಲ್ಲ ಸರ್" ಎಂದವು. ಹೊರಗೆ ಅಟೆಂಡರ್ ನನ್ನನ್ನು ನೋಡಿ, "ಮೇಷ್ಟ್ರಿಗೆ ನೀವೇ ಹೇಳಿ ಮೇಡಂ. ನನ್ನ ಕೈಲಾಗಲ್ಲಪ್ಪ, ನನಗೆ ಅಕ್ಷರ ಕಲಿಸಿದೋರು" ಎಂದ. ಅಂದು ಸಂಜೆ ಕಾಫಿ ಕುಡಿಯುತ್ತಾ ನೀವು ಹೇಳಿದ್ದು: "ಇವತ್ತು ಮಕ್ಕಳು ಎಷ್ಟು ಸದ್ದಿಲ್ಲದೆ ಕೂತಿದ್ರು ಗೊತ್ತಾ!"

ನನ್ನ ಜೊತೆಗಾರರು ಯಾವುದೋ ಊರಿನ ಗಣಿತದ ಮೇಷ್ಟ್ರು. ನಿಮ್ಮ ಪಾತ್ರವನ್ನು ನಾಟಕದ ಖಳನಂತೆ ಮಾಡಿದರು. "ನನ್ನ ಸರ್ವೀಸ್ ಎಷ್ಟು, ನಿನ್ನ ವಯಸ್ಸೆಷ್ಟು!" ಎಂದು ಮೇಜು ಗುದ್ದಿದರು. ತಡೆಯಲಾರದೆ "ಅವರು ಹಾಗೆಲ್ಲ ಕೂಗಾಡೋರಲ್ಲ" ಎಂದೆ. ಮೇಡಂ, "ಹಾಗಾದರೆ ನೀವೇ ಮಾಡಿ ತೋರಿಸಿ" ಎಂದು ಪಾತ್ರ ಅದಲುಬದಲು ಮಾಡಿಸಿದರು.

ನಾನು ಮುಖವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಮುಗುಳ್ನಕ್ಕೆ. "ಕಿವಿ ತೋರಿಸಿದ್ರಾ ಸರ್?" ಎಂದು ಗಣಿತದ ಮೇಷ್ಟ್ರು ಕೇಳಿದರು. ತಲೆಯಾಡಿಸಿದೆ. "ಲ್ಯಾಬಿನಲ್ಲಿ ಏನೂ ತೊಂದರೆ ಇಲ್ವಲ್ಲ?" ಅದಕ್ಕೂ ತಲೆಯಾಡಿಸಿದೆ. ಗಣಿತದ ಮೇಷ್ಟ್ರು ಖುಷಿಯಿಂದ, "ಮೇಡಂ, ಇವರು ಎಲ್ಲಕ್ಕೂ ಒಪ್ಪಿಬಿಟ್ರು, ಲೆಕ್ಕ ಸರಿಹೋಯ್ತು!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುತ್ತಲೇ ಕ್ಯಾಮೆರಾ ಆರಿಸಿದೆ. ಅಷ್ಟಕ್ಕೇ ನನ್ನ ಕೆನ್ನೆ ನೋಯುತ್ತಿತ್ತು. ನೀವು ಇದನ್ನು ದಿನವಿಡೀ ಮಾಡುತ್ತೀರಿ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ನಮ್ಮ ಊಟದ ಮೇಜಿನಲ್ಲಿ. ತಲೆಯಾಡಿಸುವವರನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ ಎಂದು ನಿಮಗೆ ಯಾವಾಗ ಗೊತ್ತಾಯಿತು?

ಆಗಿನಿಂದ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಮುಖ್ಯೋಪಾಧ್ಯಾಯಿನಿ ಬರುವ ವರ್ಷ ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ನಾನು ಅರ್ಜಿ ಹಾಕುತ್ತೇನೆ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಈಗ ನಿಮ್ಮ ವಿಷಯಕ್ಕೆ ಬಾಯಿ ತೆರೆದರೆ "ಅಪ್ಪನನ್ನು ಇಳಿಸಿ ಮಗಳು ಹತ್ತಿದಳು" ಎನ್ನುತ್ತಾರೆ. ಅನ್ನಲಿ ಎಂದು ಬರೆಯುವುದು ಸುಲಭ. ನೀವೂ ಹಾಗೇ ಅಂದುಕೊಂಡರೆ ಎಂಬುದೊಂದೇ ನನ್ನನ್ನು ಕೊರೆಯುತ್ತಿದೆ. ನಾನು ಈ ಕೆಲಸಕ್ಕೆ ಬಂದದ್ದೇ ನಿಮ್ಮ ಪಾಠ ಕೇಳಿ.

ಅಣ್ಣ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳಿ. ಮಂಡಿಗೆ ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಅಮ್ಮ ನಿಮ್ಮ ದಾರಿ ನೋಡುತ್ತಿದ್ದಾಳೆ, ಪತ್ರಿಕೆಯ ಹಿಂದೆ ಕೂತು.

ನಿಮ್ಮ
ಚಿಕ್ಕ ಮಗಳು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮುಖ್ಯೋಪಾಧ್ಯಾಯಿನಿ ಶುಕ್ರವಾರ ಲ್ಯಾಬಿನ ಬೀಗದ ಕೈಯನ್ನು ನಿಮಗೆ ಮುಟ್ಟಿಸಲೆಂದು ನನ್ನ ಕೈಗೆ ಕೊಟ್ಟರು. ಅದನ್ನು ನಿಮಗೆ ಕೊಡುವುದಿಲ್ಲ. ರಜೆ ಮುಗಿದು ಶಾಲೆ ತೆರೆಯುವ ಸೋಮವಾರ ಅವರ ಮೇಜಿನ ಮೇಲೆ ಇಟ್ಟು, ಏಕೆಂದು ಹೇಳುತ್ತೇನೆ. ಇನ್ನೂ ಯಾರಿಗೂ ಹೇಳಿಲ್ಲ, ಅಮ್ಮನಿಗೂ. ನೀವೇ ಹೇಳುವುದಾದರೆ ಆ ಬೆಳಗ್ಗೆ ಜೊತೆಯಲ್ಲೇ ಹೋಗೋಣ. ನಾನು ಅವರ ಕೋಣೆಯ ಹೊರಗೆ ನಿಂತಿರುತ್ತೇನೆ.